‘80 ಟಾಪ್ಸ್’ ನೋಡಿ ಎಐ ಮಿನಿ ಪಿಸಿ ಕೊಳ್ಳಬೇಡಿ

ಇಂಟರ್‌ನೆಟ್ಟಿನ ಹಂಗಿಲ್ಲದೆ ಎಐ ಮಾಡೆಲ್ ಓಡಿಸಬೇಕು, ಅದಕ್ಕೊಂದು ಪುಟ್ಟ ಡೆಸ್ಕ್‌ಟಾಪ್ ಬೇಕು ಎಂದು ಹುಡುಕುತ್ತಿದ್ದೀರಾ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಕೊಂಡ ಮೇಲೆ ಗೊತ್ತಾದರೆ ಉಪಯೋಗವಿಲ್ಲದ ವಿಷಯಗಳಿವು.

ಈ ಎಚ್ಚರಿಕೆಗೆ ಕಾರಣವಾದ ಯಂತ್ರದ ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: ಒಟ್ಟು 80 ಟಾಪ್ಸ್ (ಲೆಕ್ಕ ಮಾಡುವ ವೇಗದ ಅಳತೆ), 48 ಜಿಬಿ ಡಿಡಿಆರ್5-5600 ರ‍್ಯಾಮ್, ಡ್ಯುಯಲ್ ಚಾನೆಲ್, 32ಬಿ, ಅಂದರೆ 32 ಬಿಲಿಯನ್ ತೂಕಗಳ (ಮಾಡೆಲ್‌ನೊಳಗಿನ ಸಂಖ್ಯೆಗಳ) ಮಾಡೆಲ್‌ಗಳಿಗೆ ಸಪೋರ್ಟ್. ಮಾಡೆಲ್ ಲೋಡ್ ಆಯಿತು, ಅದರಲ್ಲಿ ಸುಳ್ಳಿಲ್ಲ. ಪ್ರತಿ ತೂಕವನ್ನೂ 4 ಬಿಟ್‌ಗೆ ಇಳಿಸಿ ಕುಗ್ಗಿಸಿದ 32ಬಿ ಮಾಡೆಲ್ ಸುಮಾರು 20 ಜಿಬಿ ತೂಗುತ್ತದೆ, 48 ಜಿಬಿಯಲ್ಲಿ ಆರಾಮವಾಗಿ ಕೂರುತ್ತದೆ. ಆದರೆ ಉತ್ತರ ಬಂದದ್ದು ಸೆಕೆಂಡಿಗೆ ಎರಡು ಟೋಕನ್‌ಗಿಂತಲೂ (ಟೋಕನ್ ಅಂದರೆ ಪದ ಅಥವಾ ಪದದ ಚೂರು) ನಿಧಾನವಾಗಿ. ಒಂದು ಸಾಧಾರಣ ಪ್ಯಾರಾ ಮುಗಿಯಲು ಎರಡು ನಿಮಿಷಕ್ಕೂ ಹೆಚ್ಚು. ಮಾರಿದವರನ್ನು ಕೇಳಿದರೆ ಮೊದಲು ‘ಡ್ರೈವರ್ ಅಪ್‌ಡೇಟ್ ಮಾಡಿ’, ಆಮೇಲೆ ‘ಬಯಾಸ್ ಅಪ್‌ಡೇಟ್ ಮಾಡಿ’ (ಯಂತ್ರ ಶುರುವಾಗುವಾಗ ಓಡುವ ಮೂಲ ಸಾಫ್ಟ್‌ವೇರ್ ಇದು), ಆಮೇಲೆ ‘ಬೇರೆ ಸಾಫ್ಟ್‌ವೇರ್ ಹಾಕಿ ನೋಡಿ’. ಅಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿತ್ತು. ತೊಂದರೆ ಇದ್ದದ್ದು ಡ್ರೈವರ್‌ನಲ್ಲೂ ಅಲ್ಲ, ಬಯಾಸ್‌ನಲ್ಲೂ ಅಲ್ಲ. ಆ ಡಬ್ಬದಿಂದ ಅದಕ್ಕಿಂತ ಹೆಚ್ಚು ವೇಗ ಬರುವುದು ಸಾಧ್ಯವೇ ಇರಲಿಲ್ಲ, ಮತ್ತು ಇದನ್ನು ಕೊಳ್ಳುವ ಮುಂಚೆ ಒಂದು ಭಾಗಾಕಾರ ಮಾಡಿ ಹೇಳಬಹುದಿತ್ತು.

ಲೆಕ್ಕ ಹೀಗಿದೆ. ಇಂಥ ಸಾಮಾನ್ಯ ಭಾಷಾ ಮಾಡೆಲ್ ಪ್ರತಿಯೊಂದು ಟೋಕನ್ ಬರೆಯುವಾಗಲೂ ತನ್ನ ಎಲ್ಲ ತೂಕಗಳನ್ನು, ಅಂದರೆ ಆ 20 ಜಿಬಿಯನ್ನೂ, ಮೆಮೊರಿಯಿಂದ ಒಮ್ಮೆ ಓದಬೇಕು. ಹಾಗಾಗಿ ಸೆಕೆಂಡಿಗೆ ಎಷ್ಟು ಜಿಬಿ ಓದಬಹುದು ಎಂಬುದನ್ನು ಮಾಡೆಲ್‌ನ ಗಾತ್ರದಿಂದ ಭಾಗಿಸಿದರೆ ಸಿಗುವುದೇ ವೇಗದ ಮೇಲ್ಮಿತಿ. ನಿಜವಾದ ವೇಗ ಯಾವಾಗಲೂ ಇದಕ್ಕಿಂತ ಕೆಳಗೇ. ಸೆಕೆಂಡಿಗೆ ಓದಬಹುದಾದ ಈ ಪ್ರಮಾಣವೇ ಮೆಮೊರಿ ಬ್ಯಾಂಡ್‌ವಿಡ್ತ್, ಮತ್ತು ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕಾಣದ ಸಂಖ್ಯೆ ಇದೇ. ಅದನ್ನು ನೀವೇ ಕಂಡುಕೊಳ್ಳಬಹುದು: ರ‍್ಯಾಮ್‌ನ ವೇಗವನ್ನು ಬಸ್‌ನ (ಮೆಮೊರಿ ಮತ್ತು ಪ್ರೊಸೆಸರ್ ನಡುವಿನ ದಾರಿಯ) ಅಗಲದಿಂದ ಗುಣಿಸಿ 8ರಿಂದ ಭಾಗಿಸಿ. ಸಿಗುವುದು ಎಂಬಿ, ಅದನ್ನು 1,000ದಿಂದ ಭಾಗಿಸಿದರೆ ಜಿಬಿ. ಡಿಡಿಆರ್5-5600ರ ಒಂದು ಸ್ಟಿಕ್ 64 ಬಿಟ್ ಅಗಲ, ಅಂದರೆ ಸೆಕೆಂಡಿಗೆ 44.8 ಜಿಬಿ. ಎರಡು ಸ್ಟಿಕ್ ಹಾಕಿದರೆ (ಡ್ಯುಯಲ್ ಚಾನೆಲ್ ಎಂದರೆ ಇದೇ) 128 ಬಿಟ್, 89.6 ಜಿಬಿ.

ಮೇಲಿನ ಯಂತ್ರದ ಮುಚ್ಚಳ ಬಿಚ್ಚಿದಾಗ ಕಂಡದ್ದು 48 ಜಿಬಿಯ ಒಂದೇ ಸ್ಟಿಕ್, ಪಕ್ಕದ ಸ್ಲಾಟ್ ಖಾಲಿ. 44.8ನ್ನು 20ರಿಂದ ಭಾಗಿಸಿ: 2.2. ಸೆಕೆಂಡಿಗೆ ಎರಡು ಟೋಕನ್‌ಗೂ ಕಡಿಮೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ‘ಡ್ಯುಯಲ್ ಚಾನೆಲ್’ ಎಂದು ಬರೆದದ್ದು? ಇಲ್ಲಿ ತುಂಬ ಜನ ಮೋಸಹೋಗುತ್ತಾರೆ, ಸ್ವಲ್ಪ ನಿಧಾನವಾಗಿ ನೋಡಿ. ಡಿಡಿಆರ್5ನಲ್ಲಿ ಪ್ರತಿ ಸ್ಟಿಕ್‌ನೊಳಗೆ 32 ಬಿಟ್‌ನ ಎರಡು ಉಪಚಾನೆಲ್‌ಗಳಿರುತ್ತವೆ. ಆದ್ದರಿಂದ ಒಂದೇ ಸ್ಟಿಕ್ ಇರುವ ಯಂತ್ರದಲ್ಲೂ ಯಂತ್ರದ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದರೆ ಮೆಮೊರಿ ಪುಟದಲ್ಲಿ ‘2 x 32 ಬಿಟ್’ ಎಂದು ಕಾಣುತ್ತದೆ. ಆ ‘2’ ತೋರಿಸಿ ಡ್ಯುಯಲ್ ಚಾನೆಲ್ ಎನ್ನುವವರಿದ್ದಾರೆ. ನಮಗೆ ಬೇಕಾದದ್ದು ‘4 x 32 ಬಿಟ್’. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿಗೆ ಹೋದರೆ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂದು ನೇರವಾಗಿ ತೋರಿಸುತ್ತದೆ. ‘2ರಲ್ಲಿ 1’ ಎಂದಿದ್ದರೆ ಅರ್ಧ ವೇಗ ಕೈತಪ್ಪಿದೆ ಎಂದೇ ಅರ್ಥ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಕಮಾಂಡ್ ಅನ್ನು ಮೆಮೊರಿ ಆಯ್ಕೆಯೊಂದಿಗೆ ಓಡಿಸಿ, ಸ್ಟಿಕ್‌ಗಳ ಸಂಖ್ಯೆಯ ಜೊತೆಗೆ ‘ಕಾನ್ಫಿಗರ್ಡ್ ಮೆಮೊರಿ ಸ್ಪೀಡ್’ ಎಂಬ ಸಾಲನ್ನೂ ನೋಡಿ. 5600ರ ಸ್ಟಿಕ್ ಹಾಕಿ ಬೋರ್ಡ್ 4800ಕ್ಕೆ ಓಡಿಸುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಇನ್ನು ಆ 80 ಟಾಪ್ಸ್. ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಎಂಬ ಅಳತೆ ಅದು, ಸಿಪಿಯು, ಗ್ರಾಫಿಕ್ಸ್, ಎನ್‌ಪಿಯು (ಎಐ ಲೆಕ್ಕಕ್ಕೆಂದೇ ಇರುವ ಭಾಗ) ಮೂರನ್ನೂ ಕೂಡಿಸಿ ಹೇಳಿದ್ದು. ಮೊದಲನೆಯದಾಗಿ, ಲಾಮಾ.ಸಿಪಿಪಿ, ಒಲ್ಲಾಮಾದಂಥ ಜನಬಳಕೆಯ ಸಾಫ್ಟ್‌ವೇರ್ ಹೆಚ್ಚಾಗಿ ಓಡುವುದು ಸಿಪಿಯು ಅಥವಾ ಗ್ರಾಫಿಕ್ಸ್ ಮೇಲೆ. ಎನ್‌ಪಿಯು ಸುಮ್ಮನೆ ಕೂತಿರುತ್ತದೆ. ಎರಡನೆಯದು ಇನ್ನೂ ಮುಖ್ಯ: ಎನ್‌ಪಿಯು ಕೆಲಸಕ್ಕೆ ಬಂದರೂ ಅದು ತೂಕಗಳನ್ನು ಓದಬೇಕಾದದ್ದು ಅದೇ ರ‍್ಯಾಮ್‌ನಿಂದ. ಹಾಗಾಗಿ ಟೋಕನ್ ಬರೆಯುವ ವೇಗದ ಮೇಲ್ಮಿತಿ ಅಲ್ಲೇ ಇರುತ್ತದೆ. ಟಾಪ್ಸ್‌ಗಳನ್ನು ಒಂದಕ್ಕೊಂದು ಹೋಲಿಸುವುದೂ ಸುಲಭವಲ್ಲ. ಒಬ್ಬರು 8 ಬಿಟ್ ಲೆಕ್ಕ ಕೊಟ್ಟರೆ ಇನ್ನೊಬ್ಬರು 4 ಬಿಟ್ ಲೆಕ್ಕ ಕೊಡುತ್ತಾರೆ. ಎನ್‌ವಿಡಿಯಾದ ಪುಟ್ಟ ಎಐ ಡೆಸ್ಕ್‌ಟಾಪ್ ಡಿಜಿಎಕ್ಸ್ ಸ್ಪಾರ್ಕ್‌ನ ‘1 ಪೆಟಾಫ್ಲಾಪ್’ (1,000 ಟಾಪ್ಸ್‌ಗೆ ಸಮ) ಕೂಡ 4 ಬಿಟ್‌ನಲ್ಲಿ, ಸ್ಪಾರ್ಸಿಟಿಯನ್ನೂ (ಸೊನ್ನೆಗಳ ಲೆಕ್ಕವನ್ನು ಬಿಟ್ಟು ವೇಗ ಹೆಚ್ಚಿಸುವ ಉಪಾಯ) ಸೇರಿಸಿಕೊಂಡ ಸಂಖ್ಯೆ.

ಹೋಲಿಸಬೇಕಾದದ್ದು ಬ್ಯಾಂಡ್‌ವಿಡ್ತ್. ಎಲ್ಲವೂ ಸೆಕೆಂಡಿಗೆ ಜಿಬಿ ಲೆಕ್ಕದಲ್ಲಿ: ಇಂಟೆಲ್ ಎನ್100ರ ಅಗ್ಗದ ಡಬ್ಬಗಳಿಗೆ ಇರುವುದೇ ಒಂದು ಚಾನೆಲ್, ಡಿಡಿಆರ್5-4800 ಹಾಕಿದರೆ 38.4, ಇವನ್ನು ಈ ಕೆಲಸಕ್ಕೆ ಮರೆತುಬಿಡಿ. ಡಿಡಿಆರ್4-3200ರ ಎರಡು ಸ್ಟಿಕ್‌ಗೆ 51.2. ಎಂ4 ಚಿಪ್‌ನ ಮ್ಯಾಕ್ ಮಿನಿ 120, ಅದೇ ಡಬ್ಬದಲ್ಲಿ ಎಂ4 ಪ್ರೊ ಇದ್ದರೆ 273. ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ ಹಳೆಯದನ್ನು ಕೊಳ್ಳುವವರು ಚಿಪ್‌ನ ಹೆಸರನ್ನು ತೆರೆದು ನೋಡಲೇಬೇಕು. ಎಎಂಡಿಯ ರೈಜೆನ್ ಎಐ ಮ್ಯಾಕ್ಸ್+ 395ರಲ್ಲಿ ಬಸ್ 256 ಬಿಟ್ ಅಗಲ, ರ‍್ಯಾಮ್ 8000ರ ವೇಗದ್ದು, ಹಾಗಾಗಿ 256. ಡಿಜಿಎಕ್ಸ್ ಸ್ಪಾರ್ಕ್ 273. ಮ್ಯಾಕ್ ಸ್ಟುಡಿಯೋದ ಎಂ3 ಅಲ್ಟ್ರಾ 819. ಇವೆಲ್ಲದರ ಪಕ್ಕದಲ್ಲಿ 2020ರಲ್ಲಿ ಬಂದ ಆರ್‌ಟಿಎಕ್ಸ್ 3090 ಕಾರ್ಡನ್ನು ಇಟ್ಟರೆ 936, ಆದರೆ ಅದರಲ್ಲಿರುವುದು 24 ಜಿಬಿ ಮಾತ್ರ.

ಈಗ ‘128 ಜಿಬಿ ಇದೆ, 70ಬಿ ಮಾಡೆಲ್ ಓಡುತ್ತದೆ’ ಎಂಬ ಮಾತನ್ನು ಅಳೆಯಿರಿ. ಲಾಮಾ 70ಬಿ ಮಾಡೆಲ್ ಕ್ಯೂ4_ಕೆ_ಎಂ ಎಂಬ 4 ಬಿಟ್ ರೂಪದಲ್ಲಿ ಸುಮಾರು 42.5 ಜಿಬಿ. 89.6ರ ಯಂತ್ರದಲ್ಲಿ ಮೇಲ್ಮಿತಿ 2.1 ಟೋಕನ್, 256ರ ಯಂತ್ರದಲ್ಲಿ 6. ಓಡುತ್ತದೆ, ನಿಜ. ದಿನವಿಡೀ ಕೂತು ಕೆಲಸ ಮಾಡಲು ಆಗುವುದಿಲ್ಲ. ಮೆಮೊರಿಯ ಗಾತ್ರ ಹೇಳುವುದು ಮಾಡೆಲ್ ಒಳಗೆ ಹಿಡಿಸುತ್ತದೋ ಇಲ್ಲವೋ ಎಂಬುದನ್ನಷ್ಟೇ.

ಕನ್ನಡದಲ್ಲಿ ಬಳಸುವವರು ಈ ಲೆಕ್ಕವನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್. ಕನ್ನಡಕ್ಕೆ ಸರಿಯಾಗಿ ತರಬೇತಿ ಇಲ್ಲದ ಟೋಕನೈಸರ್ (ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ಭಾಗ) ಒಂದೊಂದು ಪದವನ್ನೂ ಚೂರುಚೂರು ಮಾಡುತ್ತದೆ. ಅಷ್ಟೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವುದಕ್ಕಿಂತ ಹೆಚ್ಚು ಟೋಕನ್ ಬೇಕಾಗುತ್ತದೆ, ಮಾಡೆಲ್‌ನಿಂದ ಮಾಡೆಲ್‌ಗೆ ಇದರಲ್ಲಿ ದೊಡ್ಡ ಅಂತರವಿದೆ. ಇಂಗ್ಲಿಷಿನಲ್ಲಿ ‘10 ಟೋಕನ್, ಪರವಾಗಿಲ್ಲ’ ಎನಿಸುವ ವೇಗ ಕನ್ನಡದಲ್ಲಿ ತೆವಳಿದಂತೆ ಆಗಬಹುದು. ನೀವು ಬಳಸಲಿರುವ ಮಾಡೆಲ್‌ನ ಟೋಕನೈಸರ್‌ಗೆ ಒಂದು ಪುಟ ಕನ್ನಡ ಕೊಟ್ಟು ಎಣಿಸಿ ನೋಡಿ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ.

ಬರೆಯುವ ವೇಗದಷ್ಟೇ ಕಾಡುವ ಇನ್ನೊಂದು ವೇಗವಿದೆ: ನೀವು ಕೊಟ್ಟದ್ದನ್ನು ಓದುವ ವೇಗ. ಮೊದಲ ಪದ ಮೂಡುವ ಮುಂಚೆ ಮಾಡೆಲ್ ಇಡೀ ಪ್ರಾಂಪ್ಟ್ ಓದಿ ಮುಗಿಸಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಬ್ಯಾಂಡ್‌ವಿಡ್ತ್‌ಗಿಂತ ಗ್ರಾಫಿಕ್ಸ್‌ನ ಕಸುವು. 10,000 ಟೋಕನ್‌ನ ದಾಖಲೆ ಕೊಟ್ಟಿರಿ ಅನ್ನಿ: ಸೆಕೆಂಡಿಗೆ 100 ಟೋಕನ್ ಓದುವ ಯಂತ್ರ 100 ಸೆಕೆಂಡ್ ಮೌನವಾಗಿರುತ್ತದೆ, 1,000 ಓದುವ ಯಂತ್ರ 10 ಸೆಕೆಂಡಿನಲ್ಲಿ ಶುರುಮಾಡುತ್ತದೆ. ರೈಜೆನ್ ಎಐ ಮ್ಯಾಕ್ಸ್+ 395 ಮತ್ತು ಡಿಜಿಎಕ್ಸ್ ಸ್ಪಾರ್ಕ್‌ಗಳ ಬ್ಯಾಂಡ್‌ವಿಡ್ತ್ ಹೆಚ್ಚುಕಡಿಮೆ ಒಂದೇ ಆದರೂ ಈ ಓದಿನಲ್ಲಿ ಎರಡನೆಯದು ಬಹಳ ಮುಂದು. ಹರಟೆಗೆ ಸಾಕು ಎನಿಸಿದ ಡಬ್ಬ, ಉದ್ದದ ಪಿಡಿಎಫ್ ಅಥವಾ ದೊಡ್ಡ ಕೋಡ್ ಕೊಟ್ಟ ಕೂಡಲೇ ಕೈಕೊಡುವುದು ಇದೇ ಕಾರಣಕ್ಕೆ.

ಉದ್ದದ ಪ್ರಾಂಪ್ಟ್ ಮೆಮೊರಿಯನ್ನೂ ತಿನ್ನುತ್ತದೆ. ಲಾಮಾ 3.1 8ಬಿ ಮಾಡೆಲ್‌ಗೆ 16 ಬಿಟ್ ಕೆವಿ ಕ್ಯಾಶೆ (ಓದಿದ ಟೋಕನ್‌ಗಳ ನೆನಪಿಗೆ ಮಾಡೆಲ್ ಇಟ್ಟುಕೊಳ್ಳುವ ಜಾಗ) ಪ್ರತಿ ಟೋಕನ್‌ಗೆ 128 ಕೆಬಿ. ಅಂದರೆ 32,000 ಟೋಕನ್‌ಗೆ ಸುಮಾರು 4 ಜಿಬಿ. ಅದರ ಪೂರ್ಣ 1,28,000 ಟೋಕನ್ ತೆರೆದರೆ 16 ಜಿಬಿ. 4 ಬಿಟ್‌ನ ಮಾಡೆಲ್ ಫೈಲ್ 5 ಜಿಬಿಯೂ ಇಲ್ಲ, ಕ್ಯಾಶೆ ಅದರ ಮೂರು ಪಟ್ಟು! ಫೈಲ್‌ನ ಗಾತ್ರ ಮಾತ್ರ ನೋಡಿ ‘16 ಜಿಬಿ ಸಾಕು’ ಎಂದು ಹೇಳುವವರ ಮಾತು ಕೇಳಬೇಡಿ. ಆಪರೇಟಿಂಗ್ ಸಿಸ್ಟಂಗೂ ಜಾಗ ಬೇಕು.

ಗ್ರಾಫಿಕ್ಸ್‌ಗೆ ಪ್ರತ್ಯೇಕ ಮೆಮೊರಿ ಇಲ್ಲದ ಯಂತ್ರಗಳಲ್ಲಿ ಇರುವ ರ‍್ಯಾಮ್ ಎಲ್ಲವೂ ಗ್ರಾಫಿಕ್ಸ್‌ಗೆ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ. ಬಯಾಸ್‌ನಲ್ಲಿ ಗ್ರಾಫಿಕ್ಸ್‌ಗೆ ಎಷ್ಟು ಮೆಮೊರಿ ಮೀಸಲು ಎಂದು ಹೇಳುವ ‘ಯುಎಂಎ ಫ್ರೇಮ್ ಬಫರ್’ ಎಂಬ ಆಯ್ಕೆ ತೀರ ಕಡಿಮೆಗೆ ನಿಂತಿರಬಹುದು. ಕೆಲವು ಬೋರ್ಡ್‌ಗಳ ಬಯಾಸ್‌ನಲ್ಲಿ ಆ ಆಯ್ಕೆಯೇ ಇರುವುದಿಲ್ಲ. ಕೊಳ್ಳುವ ಮುಂಚೆ ಕೇಳಿ. ಮ್ಯಾಕ್‌ನಲ್ಲೂ ಗ್ರಾಫಿಕ್ಸ್‌ಗೆ ಡೀಫಾಲ್ಟ್ ಮಿತಿ ಇರುತ್ತದೆ. ಮಾಡೆಲ್ ಎಲ್ಲಿ ಕೂತಿದೆ ಎಂದು ನೋಡಲು, ಅದು ಓಡುತ್ತಿರುವಾಗ ‘ಒಲ್ಲಾಮಾ ಪಿಎಸ್’ ಕಮಾಂಡ್ ಕೊಡಿ. ‘100% ಜಿಪಿಯು’ ಎಂದು ಬಂದರೆ ಸರಿ, ಸಿಪಿಯು ಮತ್ತು ಜಿಪಿಯು ನಡುವೆ ಹಂಚಿಹೋಗಿದ್ದರೆ ವೇಗ ಎಲ್ಲಿ ಸೋರುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ.

ರ‍್ಯಾಮ್ ಬೋರ್ಡ್‌ಗೆ ಬೆಸುಗೆಯಾಗಿದೆಯೇ ಎಂದು ಕೇಳಿ. 256 ಬಿಟ್‌ನ ಎಎಂಡಿ ಯಂತ್ರಗಳಲ್ಲಿ, ಡಿಜಿಎಕ್ಸ್ ಸ್ಪಾರ್ಕ್‌ನಲ್ಲಿ, ಮ್ಯಾಕ್‌ಗಳಲ್ಲಿ ಅದು ಬೆಸುಗೆಯೇ ಅಥವಾ ಚಿಪ್‌ನ ಜೊತೆಗೇ ಕೂತದ್ದು. ‘ಈಗ 32 ಸಾಕು, ಮುಂದೆ ಹಾಕಿಸಿಕೊಳ್ಳೋಣ’ ಎಂಬುದು ಅಲ್ಲಿ ನಡೆಯುವುದಿಲ್ಲ.

ಶಾಖದ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಟೋಕನ್ ಬರೆಯುವಾಗ ಪ್ರೊಸೆಸರ್ ಬಹುಪಾಲು ಮೆಮೊರಿಗಾಗಿ ಕಾಯುತ್ತಿರುವುದರಿಂದ ಬಿಸಿಯೇರಿ ವೇಗ ತಗ್ಗಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹೊಡೆತ ಬೀಳುವುದು ಪ್ರಾಂಪ್ಟ್ ಓದುವಲ್ಲಿ ಮತ್ತು ಚಿತ್ರ ರಚಿಸುವ ಮಾಡೆಲ್‌ಗಳಲ್ಲಿ. ಚಿತ್ರ, ವಿಡಿಯೋ, ಫೈನ್‌ಟ್ಯೂನಿಂಗ್ (ಮಾಡೆಲ್‌ಗೆ ಹೆಚ್ಚುವರಿ ತರಬೇತಿ) ನಿಮ್ಮ ಉದ್ದೇಶವಾಗಿದ್ದರೆ ‘ಕುಡಾ’ (CUDA) ಎಂಬ ಸಾಫ್ಟ್‌ವೇರ್ ಬೇಕಾಗುವುದೇ ಹೆಚ್ಚು, ಅದು ಎನ್‌ವಿಡಿಯಾದಲ್ಲಿ ಮಾತ್ರ. ಬರೀ ಭಾಷಾ ಮಾಡೆಲ್‌ಗಾದರೆ ವಲ್ಕನ್ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರ್ ಮೂಲಕ ಎಎಂಡಿ, ಇಂಟೆಲ್ ಗ್ರಾಫಿಕ್ಸ್‌ಗಳಲ್ಲೂ ಲಾಮಾ.ಸಿಪಿಪಿ ಚೆನ್ನಾಗಿಯೇ ಓಡುತ್ತದೆ.

ಮಾರುವವರು ‘ಸೆಕೆಂಡಿಗೆ 40 ಟೋಕನ್’ ಎಂದರೆ ಯಾವ ಮಾಡೆಲ್, ಎಷ್ಟು ಬಿಟ್, ಪ್ರಾಂಪ್ಟ್ ಎಷ್ಟು ಉದ್ದ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಲಾಮಾ.ಸಿಪಿಪಿ ಜೊತೆಗೇ ಬರುವ ಲಾಮಾ-ಬೆಂಚ್‌ನ ಫಲಿತಾಂಶ ಕೇಳಿ. ಅದರಲ್ಲಿ ‘ಪಿಪಿ512’ ಓದುವ ವೇಗ, ‘ಟಿಜಿ128’ ಬರೆಯುವ ವೇಗ. ಇವೆರಡೂ ಖಾಲಿ ಸಂಭಾಷಣೆಯ ಸಂಖ್ಯೆಗಳು; ಡೆಪ್ತ್ ಆಯ್ಕೆಗೆ 16384 ಕೊಟ್ಟು ಮತ್ತೊಮ್ಮೆ ಓಡಿಸಿದರೆ ಉದ್ದದ ಸಂಭಾಷಣೆಯಲ್ಲಿ ಎಷ್ಟು ಇಳಿಯುತ್ತದೆ ಎಂಬುದು ಗೊತ್ತಾಗುತ್ತದೆ. ಯಂತ್ರ ಮನೆಗೆ ಬಂದ ದಿನವೇ, ಬೇರೇನನ್ನೂ ಇನ್‌ಸ್ಟಾಲ್ ಮಾಡುವ ಮುಂಚೆ, ಈ ಪರೀಕ್ಷೆ ಮಾಡಿ. ಸಂಖ್ಯೆ ಮೇಲ್ಮಿತಿಯ ಅರ್ಧಕ್ಕಿಂತ ಕೆಳಗಿದ್ದರೆ ಮೊದಲು ಸ್ಟಿಕ್ ಎಣಿಸಿ, ಆಮೇಲೆ ಮಾಡೆಲನ್ನು ಒಲ್ಲಾಮಾದಲ್ಲಿ ಓಡಿಸಿ ಒಲ್ಲಾಮಾ ಪಿಎಸ್ ನೋಡಿ. ಹೊಂದುವುದಿಲ್ಲ ಎಂದು ಖಚಿತವಾದರೆ ಅಪ್‌ಡೇಟ್‌ಗಳ ಮಾತಿಗೆ ಕಾಯದೆ ವಾಪಸಾತಿಯ ಅರ್ಜಿಯನ್ನು ಲಿಖಿತವಾಗಿ ಹಾಕಿಬಿಡಿ. ಪರಿಶೀಲನೆ ಆಮೇಲೂ ನಡೆಯಬಹುದು.

ಈಗಾಗಲೇ ಇಂಥ ಯಂತ್ರ ಕೊಂಡವರು ಅದನ್ನು ಮೂಲೆಗೆ ಹಾಕಬೇಕಿಲ್ಲ. ಖಾಲಿ ಸ್ಲಾಟ್ ಇದ್ದರೆ ಅದೇ ಗಾತ್ರದ, ಅದೇ ವೇಗದ ಇನ್ನೊಂದು ಸ್ಟಿಕ್ ಹಾಕಿ. ಬ್ಯಾಂಡ್‌ವಿಡ್ತ್ ಎರಡು ಪಟ್ಟಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಮಾಡೆಲ್ ಬದಲಿಸುವುದರಲ್ಲಿದೆ. ಮಿಕ್ಸ್ಚರ್ ಆಫ್ ಎಕ್ಸ್‌ಪರ್ಟ್ಸ್ ಬಗೆಯ ಮಾಡೆಲ್‌ಗಳು ಪ್ರತಿ ಟೋಕನ್‌ಗೂ ತಮ್ಮ ಒಂದು ಪುಟ್ಟ ಭಾಗವನ್ನು ಮಾತ್ರ ಓದುತ್ತವೆ. ಕ್ವೆನ್3 30ಬಿ-ಎ3ಬಿ ಒಟ್ಟು 30.5 ಬಿಲಿಯನ್, ಆದರೆ ಒಂದು ಟೋಕನ್‌ಗೆ ಕೆಲಸ ಮಾಡುವುದು 3.3 ಬಿಲಿಯನ್, 4 ಬಿಟ್‌ನಲ್ಲಿ ಓದಬೇಕಾದದ್ದು ಸುಮಾರು 2 ಜಿಬಿ. ಎರಡು ಟೋಕನ್‌ಗೆ ಏದುಸಿರು ಬಿಡುತ್ತಿದ್ದ ಅದೇ ಒಂದು ಸ್ಟಿಕ್‌ನ ಡಬ್ಬಕ್ಕೆ ಇಲ್ಲಿ ಮೇಲ್ಮಿತಿ 22 ಆಗುತ್ತದೆ, ಎರಡು ಸ್ಟಿಕ್‌ಗೆ 44. ಜಿಪಿಟಿ-ಒಎಸ್‌ಎಸ್-20ಬಿ ಕೂಡ ಇದೇ ಜಾತಿಯದು, ಒಟ್ಟು 21 ಬಿಲಿಯನ್‌ನಲ್ಲಿ 3.6 ಬಿಲಿಯನ್ ಮಾತ್ರ ಒಮ್ಮೆಗೆ ಓಡುತ್ತದೆ. 128 ಜಿಬಿಯ ಯಂತ್ರಗಳು ನಿಜವಾಗಿ ಸಾರ್ಥಕವಾಗುವುದೂ ಇಂಥ ಮಾಡೆಲ್‌ಗಳಿಂದಲೇ: ಜಿಪಿಟಿ-ಒಎಸ್‌ಎಸ್-120ಬಿ ಸುಮಾರು 63 ಜಿಬಿ ಜಾಗ ಹಿಡಿದರೂ ಟೋಕನ್‌ಗೆ ಮುಟ್ಟುವುದು 5.1 ಬಿಲಿಯನ್ ಮಾತ್ರ.

ಡಬ್ಬಕ್ಕೆ ಆಕ್ಯುಲಿಂಕ್ ಅಥವಾ ಯುಎಸ್‌ಬಿ4 ಕಿಂಡಿ ಇದ್ದರೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸಬಹುದು. ಕಿಂಡಿ ಕಿರಿದಾಯಿತಲ್ಲ ಎಂಬ ಚಿಂತೆ ಬೇಡ. ಮಾಡೆಲ್ ಪೂರ್ತಿಯಾಗಿ ಒಂದೇ ಕಾರ್ಡ್‌ನ ಮೆಮೊರಿಯಲ್ಲಿ ಹಿಡಿಸಿದರೆ ಕಿಂಡಿಯ ವೇಗ ಕಾಡುವುದು ಲೋಡ್ ಆಗುವಾಗ ಮಾತ್ರ. ಹಿಡಿಸದೆ ಅರ್ಧ ಇತ್ತ ಅರ್ಧ ಅತ್ತ ಆದರೆ ರ‍್ಯಾಮ್‌ನಲ್ಲಿ ಉಳಿದ ಭಾಗವೇ ಇಡೀ ವೇಗವನ್ನು ಕೆಳಗೆಳೆಯುತ್ತದೆ, ಆದ್ದರಿಂದ ಕಾರ್ಡ್ ಆರಿಸುವಾಗ ಮೊದಲು ಅದರ ಮೆಮೊರಿ ನೋಡಿ. ಕಾರ್ಡ್‌ಗೆ ಪ್ರತ್ಯೇಕ ಪವರ್ ಸಪ್ಲೈ ಬೇಕು, ಮತ್ತು ಆಕ್ಯುಲಿಂಕ್ ಕೇಬಲನ್ನು ಯಂತ್ರ ಓಡುತ್ತಿರುವಾಗ ಹಾಕಬಾರದು, ತೆಗೆಯಬಾರದು. ಎರಡೂ ಕಡೆ ಪವರ್ ಆಫ್ ಮಾಡಿಯೇ ಮುಟ್ಟಿ.