ಬಿಡುಗಡೆಗೆ ಮುಂಚೆ ಟೆಸ್ಟ್ ಮಾಡಿಕೊಡೋದು: ಫೋನ್ ಆ್ಯಪಿನ ಬೀಟಾನಾ, ಮೂಡಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆನ್‌ಲೈನಿನಲ್ಲಿ ಪಾಠ, ಪರೀಕ್ಷೆ ನಡೆಸುವ ತಂತ್ರಾಂಶ ಮೂಡಲ್‌ಗೆ. ನಾನು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ನಮ್ಮ ಅಸೈನ್‌ಮೆಂಟು, ಕ್ವಿಜ್ಜು ಎಲ್ಲ ಅದರಲ್ಲೇ. ಆದರೂ ನಾನು ಮೊದಲು ಸೇರಿದ್ದು ಮಕ್ಕಳಿಗೆ ಕನ್ನಡದಲ್ಲಿ ಲೆಕ್ಕ ಹೇಳಿಕೊಡುವ ಒಂದು ಆ್ಯಪಿನ ಬೀಟಾಗೆ, ಅಂದರೆ ಬಿಡುಗಡೆಗೆ ಮುಂಚಿನ ಪ್ರಯೋಗದ ಆವೃತ್ತಿಗೆ. ಹೆಸರು ಬೇಡ.

ಸೇರುವುದೇನೋ ಸುಲಭ. ಪ್ಲೇ ಸ್ಟೋರ್‌ನಲ್ಲಿ ಆ್ಯಪಿನ ಪುಟದ ಕೆಳಗಡೆ ಬಟನ್ ಇರುತ್ತದೆ, ಒತ್ತಿದರೆ ಆಯಿತು. ನಾಲ್ಕನೇ ಕ್ಲಾಸಿನ ಮಗಳು ದಿನಾ ಅದರಲ್ಲಿ ಲೆಕ್ಕ ಮಾಡುತ್ತಿದ್ದಳು. ಒಂದು ದಿನ ಬಂದು "ಅಮ್ಮಾ, ಪಶೆ ಅಂದ್ರೇನು?" ಅಂತ ಕೇಳಿದಳು. ನೋಡಿದರೆ ಬಟನ್ನಿನ ಎತ್ತರ ಕಮ್ಮಿ, ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿಹೋಗಿ 'ಪ್ರಶ್ನೆ' ಅನ್ನೋದು 'ಪಶೆ' ಆಗಿತ್ತು. ಇಂಗ್ಲಿಷ್ ಅಕ್ಷರದ ಅಳತೆಗೆ ಬಟನ್ ಮಾಡಿದರೆ ಕನ್ನಡಕ್ಕೆ ಹೀಗೇ ಆಗುತ್ತದೆ. ಸ್ಕ್ರೀನ್‌ಶಾಟ್ ಸಮೇತ ಮೂರು ಸಲ ಬರೆದೆ. ಬೀಟಾದಲ್ಲಿದ್ದವರು ಪ್ಲೇ ಸ್ಟೋರ್‌ನಲ್ಲಿ ಬರೆದದ್ದು ಆ್ಯಪ್ ಮಾಡಿದವರಿಗೆ ಮಾತ್ರ ಕಾಣುತ್ತದೆ, ಹಾಗಾಗಿ ಬೇರೆ ಯಾರಿಗಾದರೂ ಇದೇ ತೊಂದರೆ ಇದೆಯಾ ಅಂತಲೂ ಗೊತ್ತಾಗಲಿಲ್ಲ. ಉತ್ತರವಂತೂ ಬರಲೇ ಇಲ್ಲ.

ಸಾಕು ಅಂತ ಬೀಟಾದಿಂದ ಹೊರಗೆ ಬಂದೆ. ನಿಜವಾದ ತಲೆನೋವು ಶುರುವಾದದ್ದು ಆಮೇಲೆ. ಹೊರಗೆ ಬಂದರೂ ಫೋನಿನಲ್ಲಿ ಬೀಟಾ ಆವೃತ್ತಿ ಹಾಗೇ ಕೂತಿರುತ್ತದೆ, ಹಳೆಯದಕ್ಕೆ ತಾನಾಗಿ ಇಳಿಯುವುದಿಲ್ಲ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳಬೇಕು. ಹಾಗೇ ಮಾಡಿದೆ. ಮಗಳು ನಾಲ್ಕು ತಿಂಗಳು ಕೂತು ಮಾಡಿದ್ದೆಲ್ಲ ಫೋನಿನಲ್ಲೇ ಉಳಿದಿತ್ತಂತೆ, ಸರ್ವರ್‌ಗೆ ಹೋಗಿರಲೇ ಇಲ್ಲ. ಲಾಗಿನ್ ಆದರೆ ಮತ್ತೆ ಒಂದನೇ ಹಂತ. ಅವಳು ಏನೂ ಮಾತಾಡದೆ ಫೋನ್ ವಾಪಸ್ ಕೊಟ್ಟಳು. ನನಗೆ ತುಂಬಾ ಬೇಜಾರಾಯಿತು.

ಮೂಡಲ್‌ನಲ್ಲಿ ಈ ಭಯ ಇಲ್ಲ. 2002ರಿಂದ ಇರುವ ಮುಕ್ತ ತಂತ್ರಾಂಶ, ವರ್ಷಕ್ಕೆ ಎರಡು ದೊಡ್ಡ ಬಿಡುಗಡೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಕ್ಯೂಎ, ಅಂದರೆ ಗುಣಮಟ್ಟ ಪರೀಕ್ಷೆಯ ಸುತ್ತು ನಡೆಯುತ್ತದೆ. ಬಹಳಷ್ಟು ಪರೀಕ್ಷೆಗಳನ್ನು ಯಂತ್ರವೇ ಮಾಡುತ್ತದೆ, ಮನುಷ್ಯರ ಕಣ್ಣು ಬೇಕಾದವು ನಮ್ಮಂಥವರಿಗೆ. ತಪ್ಪುಗಳನ್ನೂ ಪರೀಕ್ಷೆಗಳನ್ನೂ ದಾಖಲಿಸುವ ಅವರ ಸೈಟಾದ ಟ್ರ್ಯಾಕರ್‌ನಲ್ಲಿ ಖಾತೆ ತೆರೆದು ಒಂದು ಪರೀಕ್ಷೆ ಆರಿಸಿಕೊಳ್ಳಬೇಕು. ಏನು ಒತ್ತಬೇಕು, ಏನು ಕಾಣಬೇಕು ಅಂತ ಒಂದೊಂದು ಹೆಜ್ಜೆಯೂ ಬರೆದಿರುತ್ತದೆ. ನಾನು ಒಂದು ಬ್ರೌಸರ್‌ನಲ್ಲಿ ಟೀಚರ್ ಆಗಿ, ಇನ್ನೊಂದರಲ್ಲಿ ವಿದ್ಯಾರ್ಥಿಯಾಗಿ ಲಾಗಿನ್ ಆಗಿ ಮಾಡುತ್ತೇನೆ. ಸರಿ ಬಂದರೆ ಪಾಸ್, ಇಲ್ಲದಿದ್ದರೆ ಫೇಲ್. ಎಲ್ಲ ಅವರ ಪರೀಕ್ಷಾ ಸೈಟಿನಲ್ಲೇ, ನಮ್ಮ ಕಾಲೇಜಿನ ಒಂದು ಅಂಕವೂ ಅಲುಗಾಡುವುದಿಲ್ಲ. ಫೇಲ್ ಅಂತ ಹಾಕಿದ್ದು ಎಲ್ಲರಿಗೂ ಕಾಣುತ್ತದೆ, ಅದರ ಮೇಲೆ ನಡೆಯುವ ಮಾತನ್ನು ನಾವೂ ಓದಬಹುದು. ಸೂಚನೆಗಳೆಲ್ಲ ಇಂಗ್ಲಿಷ್, ಅದೊಂದಿದೆ.

ಚಿಕ್ಕ ಮಕ್ಕಳಿರುವವರು ಆಟವಾಡುತ್ತಾ ಕಲಿಸುವ ತಂತ್ರಾಂಶ ಜಿಕಾಂಪ್ರಿ ಕೂಡ ನೋಡಿ. 2ರಿಂದ 10 ವರ್ಷದವರಿಗೆ, ಜಾಹೀರಾತಿಲ್ಲ, ಅದನ್ನು ಮಾಡುವ ಕೆಡಿಇ ಬಳಗದ ಬಗ್ (ದೋಷ) ಪುಟದಲ್ಲಿ ವರದಿ ಹಾಕಬಹುದು.

ನನಗೆ ಸಿಗುವುದು ರಾತ್ರಿ ಊಟ ಆದ ಮೇಲೆ ಒಂದು ಗಂಟೆ, ಇರುವುದು ಹಳೇ ಲ್ಯಾಪ್‌ಟಾಪು. ಒಂದೆರಡು ಪರೀಕ್ಷೆ ಮುಗಿಸಿ ಮಲಗಬಹುದು. ಅಕ್ಟೋಬರ್ ಸುತ್ತಿಗೆ ಮತ್ತೆ ಕ್ವಿಜ್ಜಿನ ಪರೀಕ್ಷೆಗಳನ್ನೇ ತೆಗೆದುಕೊಳ್ಳುತ್ತೇನೆ. ಮಗಳು ಬಳಸುವ ಫೋನಿಗೆ ಮಾತ್ರ ಇನ್ನು ಬೀಟಾ ಹಾಕುವುದಿಲ್ಲ.