ಚಾಕು, ಪೆಪ್ಪರ್ ಸ್ಪ್ರೇ, ಪಿಸ್ತೂಲು: ನಡುರಾತ್ರಿ ಜೊತೆಗೆ ಯಾವುದು?

ಮುಂಬೈಯ ಅಂಧೇರಿಯಲ್ಲೋ ಮಾಟುಂಗಾದಲ್ಲೋ ಹೋಟೆಲ್ ಮುಚ್ಚಿ, ಗಲ್ಲಾದ ಹಣ ಹಿಡಿದು ಹೊರಡುವವರ ಪ್ರಶ್ನೆ ಇದು.

ಮೊದಲು ಕಾನೂನು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುತ್ತವೆ. ಅಡುಗೆ, ಬೇಸಾಯದ ಕತ್ತಿಗಳಿಗೆ ವಿನಾಯಿತಿ ಇದೆ. ಹಾಗಂತ ಚಿಕ್ಕ ಚಾಕು ನಿಶ್ಚಿಂತೆ ಅಲ್ಲ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ನಿಷೇಧಾಜ್ಞೆ ಇರುವಾಗ ಚಾಕು, ದೊಣ್ಣೆ ಹಿಡಿದು ತಿರುಗಿದರೂ ಕೇಸು. ಪಿಸ್ತೂಲಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ಆಯುಕ್ತರ ಪರವಾನಗಿ ಬೇಕು. ಸ್ಪ್ರೇಗೆ ಪರವಾನಗಿ ಬೇಡ.

ಖರ್ಚಿನಲ್ಲಿ ಚಾಕು, ಸ್ಪ್ರೇ ಎರಡೂ ಕೆಲವು ನೂರು ರೂಪಾಯಿ. ಪಿಸ್ತೂಲಿನದು ಬೇರೆಯೇ ಲೆಕ್ಕ: ತರಬೇತಿ, ಬೀಗದ ಪೆಟ್ಟಿಗೆ, 5 ವರ್ಷಕ್ಕೊಮ್ಮೆ ನವೀಕರಣ.

ನಿಜವಾದ ವ್ಯತ್ಯಾಸ ಬಳಕೆಯಲ್ಲಿ. ಚಾಕು ತೋಳಳತೆಗೆ ಬಂದವನ ಮೇಲಷ್ಟೇ ನಡೆಯುತ್ತದೆ. ಅವನು ಕಿತ್ತುಕೊಂಡರೆ ಅದೇ ನಿಮ್ಮತ್ತ ತಿರುಗುತ್ತದೆ. ಸ್ಪ್ರೇ ಆರೇಳು ಅಡಿ ದೂರದಿಂದಲೇ ಕೆಲಸ ಮಾಡುತ್ತದೆ. ಕಣ್ಣಿಗೆ ಗುರಿಯಿಟ್ಟು ಒಂದೆರಡು ಸೆಕೆಂಡು ಒತ್ತಿ, ಪಕ್ಕಕ್ಕೆ ಸರಿದು ಓಡಿ. ಎದುರುಗಾಳಿಯಿದ್ದರೆ ನಿಮ್ಮ ಕಣ್ಣೇ ಉರಿಯುತ್ತದೆ, ತುಂಬಿದ ಲೋಕಲ್ ರೈಲಿನ ಡಬ್ಬಿಯಲ್ಲಂತೂ ಬೇಡವೇ ಬೇಡ. ಬ್ಯಾಗಿನ ತಳದಲ್ಲಿಟ್ಟರೆ ಸಮಯಕ್ಕೆ ಸಿಗದು. ಅವಧಿ ಮೀರಿದರೆ ಒತ್ತಡ ಇಳಿದಿರುತ್ತದೆ.

ಒಬ್ಬರೇ ನಡೆದುಹೋಗುವವರಿಗೆ ಸ್ಪ್ರೇ ಸರಿ. ಅಡುಗೆ ಕಾಂಟ್ರಾಕ್ಟಿನವರು ಕತ್ತಿಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಪಾತ್ರೆಗಳ ಜೊತೆ ಕಟ್ಟಿ ಒಯ್ಯಲಿ, ಸೊಂಟಕ್ಕೆ ಸಿಕ್ಕಿಸುವುದು ಬೇಡ. ಜೀವಬೆದರಿಕೆಯ ದೂರು ಠಾಣೆಯಲ್ಲಿ ದಾಖಲಾಗಿದ್ದವರು ಮಾತ್ರ ಪಿಸ್ತೂಲಿನ ಅರ್ಜಿ ಯೋಚಿಸಲಿ. ಭಯ ಹಣದ್ದಷ್ಟೇ ಆದರೆ, ಹೊರಡುವ ಮುಂಚೆ ಹತ್ತಿರದ ನಗದು ಜಮಾ ಯಂತ್ರಕ್ಕೆ ಹಾಕಿ. ತುರ್ತು ಸಂಖ್ಯೆ 112 ಫೋನಿನಲ್ಲಿ ಸಿದ್ಧವಿರಲಿ.