ಕ್ಯಾನ್‌ಕುನ್‌ನಿಂದ ಚಿಚೆನ್ ಇಟ್ಜಾ ಬಸ್ ಟೂರ್: ಗೈಡ್‌ಗೆ ಐದು ಸ್ಟಾರ್, ಟೂರ್‌ಗೆ ಎರಡು

ಮೆಕ್ಸಿಕೋದಲ್ಲಿರುವ ಮಾಯಾ ಜನರ ಹಳೆಯ ನಗರ ಚಿಚೆನ್ ಇಟ್ಜಾ ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಹೋದಂಥ ಅಗ್ಗದ ಬಸ್ ಟೂರ್‌ನಲ್ಲಿ ಮಾತ್ರ ಬೇಡ. ಕಂಪನಿ ಹೆಸರು ಬಿಡಿ.

ಕಡಲತೀರದ ಊರು ಕ್ಯಾನ್‌ಕುನ್‌ನಿಂದ ಸುಮಾರು 200 ಕಿ.ಮೀ. ದಾರಿ. ಬೆಳಗ್ಗೆ ಒಂದೊಂದೇ ಹೋಟೆಲ್ ಸುತ್ತಿ ಜನರನ್ನು ತುಂಬಿಸಿಕೊಂಡರು. ಆಮೇಲೆ ಬಸ್ ನಿಂತಿದ್ದು ಒಂದು ದೊಡ್ಡ ಅಂಗಡಿ ಮುಂದೆ. ಬೆಳ್ಳಿ, ಕಪ್ಪುಕಲ್ಲಿನ ಗೊಂಬೆ, ಟಕೀಲಾ ರುಚಿ ನೋಡಿ ಅನ್ನುವ ಒತ್ತಾಯ, ಎಲ್ಲ ಮುಗಿದು ಅಲ್ಲೇ ಪಕ್ಕದಲ್ಲಿ ಊಟ. ಗೇಟು 8 ಗಂಟೆಗೇ ತೆಗೆಯುತ್ತಾರೆ, ನಾವು ಒಳಗೆ ಕಾಲಿಟ್ಟಿದ್ದು ನೆತ್ತಿ ಸುಡುವ ಹೊತ್ತಿಗೆ! ಟಿಕೆಟ್ ದುಡ್ಡು ಬೇರೆ ಬಸ್ಸಿನಲ್ಲಿ ವಸೂಲಿ. ಇಲ್ಲಿ ಕೇಂದ್ರದ್ದೊಂದು, ಯುಕಟಾನ್ ರಾಜ್ಯದ್ದೊಂದು, ಹೀಗೆ ಎರಡು ಶುಲ್ಕ ಇದೆ. ಬುಕ್ ಮಾಡುವಾಗಲೇ ಇವೆರಡೂ ಸೇರಿವೆಯಾ ಅಂತ ಕೇಳಿ.

ಗೈಡ್ ಮಾತ್ರ ಅಪ್ಪಟ ಚಿನ್ನ. ಮನೆಯಲ್ಲಿ ಮಾಯಾ ಭಾಷೆಯನ್ನೇ ಆಡುವವರು. ಎಲ್ ಕಾಸ್ತಿಯೊ ಪಿರಮಿಡ್ ಮುಂದೆ ನಿಲ್ಲಿಸಿ ಲೆಕ್ಕ ಹಾಕಿಸಿದರು: ನಾಲ್ಕು ಕಡೆ ತಲಾ 91 ಮೆಟ್ಟಿಲು, ಮೇಲಿನ ಕಟ್ಟೆ ಸೇರಿದರೆ 365. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮ ಆಗುವ ದಿನಗಳಲ್ಲಿ ಉತ್ತರದ ಮೆಟ್ಟಿಲ ಅಂಚಿಗೆ ತ್ರಿಕೋನ ತ್ರಿಕೋನವಾಗಿ ಬಿಸಿಲು ಬಿದ್ದು, ಕೆಳಗಿರುವ ಕಲ್ಲಿನ ಹಾವಿನ ತಲೆಗೆ ಮೈ ಬಂದ ಹಾಗೆ ಕಾಣುತ್ತದಂತೆ. ಆಮೇಲೆ ಚಪ್ಪಾಳೆ ತಟ್ಟಿದರು. ಪ್ರತಿಧ್ವನಿ ಚಪ್ಪಾಳೆಯಾಗಿ ಬರಲ್ಲ, ಹಕ್ಕಿಯ ಚಿಲಿಪಿಲಿಯಾಗಿ ಬರುತ್ತದೆ! ಹತ್ತುವುದಕ್ಕೆ ಈಗ ಬಿಡುವುದಿಲ್ಲ, ಅದು ಒಳ್ಳೆಯದೇ.

ಚೆಂಡಾಟದ ಅಂಗಳ ಇನ್ನೂ ಜೋರು. 168 ಮೀಟರ್ ಉದ್ದ, ಗೋಡೆಯ ಮೇಲೆ ಎತ್ತರದಲ್ಲಿ ಕಲ್ಲಿನ ಬಳೆ. ಗಟ್ಟಿ ರಬ್ಬರ್ ಚೆಂಡನ್ನು ಸೊಂಟದಿಂದ ಹೊಡೆಯಬೇಕಿತ್ತು. ತಲೆ ಕಡಿಸಿಕೊಂಡ ಆಟಗಾರನ ಕೆತ್ತನೆಯೂ ಇದೆ. ಗೆದ್ದವನೋ ಸೋತವನೋ ಅಂತ ನಮ್ಮ ಗುಂಪಿನವರು ಕೇಳಿದಾಗ ಅವರು ಕತೆ ಕಟ್ಟಲಿಲ್ಲ, ಅದರ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ ಅಂದರು. ಇಂಥ ಗೈಡ್ ಸಿಗುವುದು ಕಷ್ಟ ಅಲ್ವಾ?

ಇಷ್ಟರಲ್ಲಿ ಟೈಮ್ ಆಯ್ತು ಅಂದರು. ಹೊಟ್ಟೆ ಉರಿದಿದ್ದು ಇಲ್ಲೇ. ಪವಿತ್ರ ಸೆನೋಟೆ ಅನ್ನುವ ದೊಡ್ಡ ಬಾವಿಗೆ ಓಡಿ ಹೋಗಿ ಇಣುಕಿ ಬಂದೆವು. ಈ ಕಡೆ ಹರಿಯುವ ನದಿಯೇ ಇಲ್ಲ, ಮಳೆ ನೀರೆಲ್ಲ ಸುಣ್ಣದಕಲ್ಲಿನೊಳಗೆ ಇಳಿದುಬಿಡುತ್ತದೆ, ಹಾಗಾಗಿ ನೆಲ ಕುಸಿದು ಬಿದ್ದ ಈ ಬಾವಿಗಳೇ ಊರಿಗೆ ಜೀವ. ಮಳೆದೇವರು ಚಾಕ್‌ಗೆ ಚಿನ್ನ, ಜೇಡ್ ಅನ್ನುವ ಹಸಿರು ಕಲ್ಲು, ಮನುಷ್ಯರನ್ನೂ ಇದಕ್ಕೆ ಹಾಕುತ್ತಿದ್ದರು. ಎಲ್ ಕರಾಕೋಲ್ ಅನ್ನುವ ದುಂಡನೆಯ ವೀಕ್ಷಣಾಲಯ ನೋಡಲು ಆಗಲೇ ಇಲ್ಲ. ಅಂಗಡಿಯಲ್ಲಿ ಸುಮ್ನೆ ಕಳೆದ ಸಮಯ ಸಿಕ್ಕಿದ್ದರೆ ಅದನ್ನೂ ನಿಧಾನವಾಗಿ ನೋಡಬಹುದಿತ್ತು. ಒಳಗೂ ದಾರಿಯುದ್ದಕ್ಕೂ ಮಾರಾಟಗಾರರು, ಜಾಗ್ವಾರ್ ಥರ ಗುರ್ ಅನ್ನುವ ಪೀಪಿ ಊದುತ್ತಲೇ ಇರುತ್ತಾರೆ. ಮಕ್ಕಳಿದ್ದರೆ ಒಂದು ಕೊಳ್ಳದೆ ಬಿಡಲ್ಲ.

ಸಸ್ಯಾಹಾರಿಗಳಿಗೆ ಅನ್ನ, ಬೀನ್ಸ್, ಟೋರ್ಟಿಯಾ ಅನ್ನುವ ರೊಟ್ಟಿ. ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿರಬಹುದು, ಕೇಳಿ ತಿನ್ನಿ.

ಅಮೆರಿಕದಿಂದ ಬರುವ ನಮ್ಮವರು ಜಾಸ್ತಿ ಈ ಟೂರ್ ಹಿಡಿಯುತ್ತಾರೆ. ಅದರ ಬದಲು ಹಿಂದಿನ ರಾತ್ರಿ ವಯ್ಯಾದೊಲಿದ್‌ನಲ್ಲಿ ಉಳಿಯಿರಿ, ಚಂದದ ಊರು, ಹತ್ತಿರ. ಬೆಳಗ್ಗೆ 8ಕ್ಕೆ ಗೇಟಿನಲ್ಲಿದ್ದು ಅಲ್ಲೇ ಗೈಡ್ ಮಾಡಿಕೊಳ್ಳಿ. ಗಡಿಯಾರ ನೋಡಿಕೊಳ್ಳಿ, ಕ್ಯಾನ್‌ಕುನ್‌ಗಿಂತ ಅಲ್ಲಿ ಒಂದು ಗಂಟೆ ಹಿಂದೆ.